ಹರ್ಮಿಯಾಳ ದಾರಿಗೆ ಅಡ್ಡ ನಿಂತವರು: ಗ್ಲೋಬ್‌ಗೆ ಹೋಗುವ ಮುನ್ನ

ಬೇಸಿಗೆಯಲ್ಲಿ ಲಂಡನ್ನಿಗೆ ಬರುವವರು, ಥೇಮ್ಸ್ ನದಿಯ ದಕ್ಷಿಣ ದಡದ ಗ್ಲೋಬ್‌ನಲ್ಲಿ ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಆಡುತ್ತಿದ್ದರೆ ತಪ್ಪಿಸಿಕೊಳ್ಳಬೇಡಿ. ಹಳೆಯ ಮಾದರಿಯಲ್ಲಿ ಕಟ್ಟಿ 1997ರಲ್ಲಿ ತೆರೆದ ಈ ರಂಗಮಂದಿರದ ನಡು ಅಂಗಳಕ್ಕೆ ಚಾವಣಿಯಿಲ್ಲ. ಅಲ್ಲಿನ ಟಿಕೆಟ್ಟೇ ಎಲ್ಲಕ್ಕಿಂತ ಅಗ್ಗ, ಆದರೆ ಕೊನೆಯವರೆಗೂ ನಿಂತೇ ನೋಡಬೇಕು. ಮಳೆ ಬಂದರೂ ಆಟ ನಿಲ್ಲುವುದಿಲ್ಲ, ಕೊಡೆ ಬಿಚ್ಚಲು ಬಿಡುವುದಿಲ್ಲ. ತಲೆ ಮುಚ್ಚುವ ರೇನ್‌ಕೋಟ್, ಮೆತ್ತನೆಯ ಶೂ ಇರಲಿ. ರಂಗದ ಅಂಚಿಗೆ ಒರಗಿ ನಿಲ್ಲಬೇಕೆಂದರೆ ಬಾಗಿಲು ತೆರೆಯುವ ಮೊದಲೇ ಸಾಲು ಹಿಡಿಯಬೇಕು.

ಇದಕ್ಕಿಂತ ದೊಡ್ಡ ತಯಾರಿ ಒಂದಿದೆ: ಮೊದಲ ಅಂಕದ ಮೊದಲ ದೃಶ್ಯವನ್ನು ಓದಿಕೊಂಡು ಹೋಗುವುದು. ನಾಲ್ಕು ನೂರು ವರ್ಷ ಹಿಂದಿನ ಇಂಗ್ಲಿಷ್ ವೇಗವಾಗಿ ಬರುತ್ತದೆ, ಕಥೆಯ ಗಂಟುಗಳೆಲ್ಲ ಅಲ್ಲೇ ಬೀಳುತ್ತವೆ. ಹರ್ಮಿಯಾಳಿಗೆ ಲೈಸ್ಯಾಂಡರ್ ಬೇಕು; ಅಪ್ಪ ಈಜಿಯಸ್‌ಗೆ ಡಿಮೀಟ್ರಿಯಸ್ಸೇ ಅಳಿಯನಾಗಬೇಕು. ಅಥೆನ್ಸಿನ ಕಾನೂನು ಅಪ್ಪನ ಕಡೆ. ಮಾತು ಮೀರಿದರೆ ಸಾವು, ಇಲ್ಲವೇ ಜೀವನವಿಡೀ ಕನ್ಯಾಮಠ ಎಂದು ದೊರೆ ಥೀಸಿಯಸ್ ಹೇಳುತ್ತಾನೆ. ಗಡುವು ಮುಂದಿನ ಅಮಾವಾಸ್ಯೆ, ಅಂದರೆ ನಾಲ್ಕು ದಿನ.

ಇಬ್ಬರೇ ಉಳಿದಾಗ ಲೈಸ್ಯಾಂಡರ್ ನಿಜ ಪ್ರೀತಿಗೆ ಬರುವ ಅಡ್ಡಿಗಳನ್ನು ಒಂದೊಂದಾಗಿ ಹೇಳುತ್ತಾನೆ: ಕುಲದ ಅಂತರ, ವಯಸ್ಸಿನ ಅಂತರ, ಬೇರೆಯವರು ಮಾಡಿದ ಆಯ್ಕೆ. ಪ್ರತಿಯೊಂದಕ್ಕೂ ಹರ್ಮಿಯಾ ಒಂದೇ ಸಾಲಿನಲ್ಲಿ ನಿಟ್ಟುಸಿರಿಡುತ್ತಾಳೆ. ಎಲ್ಲ ಹೊಂದಿದರೂ ಯುದ್ಧ, ಸಾವು, ಕಾಯಿಲೆ ಬಿಡುವುದಿಲ್ಲ ಎಂದು ಅವನು ಮುಗಿಸುತ್ತಾನೆ. ನಾಟಕ ಮೊದಲು ಬಿಡಿಯಾಗಿ ಅಚ್ಚಾದ 1600ರ ಸಣ್ಣ ಪುಸ್ತಕ, ಅಂದರೆ ಕ್ವಾರ್ಟೊ ಮುದ್ರಣದಲ್ಲಿ ಆ ಮೂರನೆಯ ಅಡ್ಡಿಗೆ ‘ಫ್ರೆಂಡ್ಸ್’ ಎಂಬ ಪದವಿದೆ; ಆ ಕಾಲದಲ್ಲಿ ಅದಕ್ಕೆ ನೆಂಟರು, ಮನೆಯ ಹಿರಿಯರು ಎಂಬ ಅರ್ಥವೂ ಇತ್ತು. ಶೇಕ್ಸ್‌ಪಿಯರನ ನಾಟಕಗಳನ್ನು ಒಟ್ಟುಗೂಡಿಸಿದ 1623ರ ದೊಡ್ಡ ಸಂಪುಟ, ಅಂದರೆ ಫೋಲಿಯೋದಲ್ಲಿ ಅದು ‘ಮೆರಿಟ್’ (ಯೋಗ್ಯತೆ) ಆಗಿದೆ. ‘ಫ್ರೆಂಡ್ಸ್’ ಎನ್ನುವುದೇ ಇಲ್ಲಿ ಸರಿಯಾಗಿ ಕೂರುತ್ತದೆ, ಏಕೆಂದರೆ ಆ ಪಟ್ಟಿಯಲ್ಲಿ ಇವರಿಗೆ ತಟ್ಟಿರುವುದು ಅದೊಂದೇ. ಕುಲದಲ್ಲಿ, ಆಸ್ತಿಯಲ್ಲಿ ತಾನೇನೂ ಡಿಮೀಟ್ರಿಯಸ್‌ಗಿಂತ ಕಡಿಮೆಯಿಲ್ಲ ಎಂದು ಲೈಸ್ಯಾಂಡರ್ ಅದೇ ದೃಶ್ಯದಲ್ಲಿ ಹೇಳಿರುತ್ತಾನೆ. ಅಪ್ಪನ ಬಳಿ ಹಟವಿದೆ, ಕಾರಣವಿಲ್ಲ.

ಹಾಗಾಗಿ ಓಡಿಹೋಗುವ ಉಪಾಯ. ಏಳು ಲೀಗ್, ಅಂದರೆ ಸುಮಾರು 34 ಕಿಲೋಮೀಟರ್ ಆಚೆ ಲೈಸ್ಯಾಂಡರನ ವಿಧವೆ ಅತ್ತೆಯ ಮನೆ; ಅಥೆನ್ಸಿನ ಕಾನೂನು ಅಲ್ಲಿಗೆ ತಲುಪದು. ಉಪಾಯ ಕೆಡುವುದು ಗೆಳತಿಯ ಬಾಯಿಂದ. ಡಿಮೀಟ್ರಿಯಸ್ ಬಿಟ್ಟುಹೋದ ಹೆಲೆನಾ, ಅವನ ಕಣ್ಣಿಗೆ ಬೀಳುವ ಆಸೆಯಿಂದ ಗುಟ್ಟನ್ನು ಅವನಿಗೇ ಹೇಳುತ್ತಾಳೆ.

ಕಾಡಿನಲ್ಲಿ ಹೊಸ ಅಡ್ಡಿ ಹುಟ್ಟುತ್ತದೆ. ಎದ್ದಾಗ ಮೊದಲು ಕಂಡವರ ಮೇಲೆ ಮೋಹ ಹುಟ್ಟಿಸುವ ಹೂವಿನ ರಸವನ್ನು, ಹೆಲೆನಾಳನ್ನು ಕಡೆಗಣಿಸುವ ಡಿಮೀಟ್ರಿಯಸ್‌ನ ಕಣ್ಣಿಗೆ ಹಚ್ಚಲು ಕಿನ್ನರರ ರಾಜ ಓಬೆರಾನ್ ತನ್ನ ಸೇವಕ ಪಕ್‌ಗೆ ಕೊಡುವ ಗುರುತು ಒಂದೇ, ಅಥೆನ್ಸಿನ ಉಡುಪು. ಲೈಸ್ಯಾಂಡರನೂ ಅದನ್ನೇ ತೊಟ್ಟಿದ್ದಾನೆ. ಮರ್ಯಾದೆಗಾಗಿ ಹರ್ಮಿಯಾ ಅವನನ್ನು ದೂರ ಮಲಗಿಸಿದ್ದಾಳೆ. ಆ ಅಂತರ ಕಂಡು ಹುಡುಗಿಯನ್ನು ಕಡೆಗಣಿಸಿದವನು ಇವನೇ ಎಂದು ನಂಬಿ ಪಕ್ ರಸ ಹಚ್ಚುತ್ತಾನೆ; ಎದ್ದ ಲೈಸ್ಯಾಂಡರ್ ಹೆಲೆನಾಳಿಗೆ ಮರುಳಾಗುತ್ತಾನೆ. ಹುಡುಗರಿಬ್ಬರಿಗೂ ತೀರ ಬೇರೆ ಬಗೆಯ ವೇಷ ತೊಡಿಸಿದ ಪ್ರಯೋಗಗಳಲ್ಲಿ ಈ ತಪ್ಪು ನಂಬುವಂತೆ ಕಾಣದೆ ದೃಶ್ಯ ಸಪ್ಪೆಯಾಗುತ್ತದೆ. ಹುಡುಗಿಯರದು ಇದಕ್ಕೆ ತದ್ವಿರುದ್ಧ. ಹರ್ಮಿಯಾ ಗಿಡ್ಡ, ಹೆಲೆನಾ ಎತ್ತರ ಇರಲೇಬೇಕು. ಮೂರನೆಯ ಅಂಕದ ಜಗಳ ನಿಂತಿರುವುದೇ ಅದರ ಮೇಲೆ.

ನಾಲ್ಕನೆಯ ಅಂಕದಲ್ಲಿ ಗಂಟು ಬಿಚ್ಚುವ ಬಗೆಯನ್ನು ಗಮನಿಸಿ. ಲೈಸ್ಯಾಂಡರನ ಕಣ್ಣಿಗೆ ಬೇರೆ ಗಿಡದ ರಸ ಬಿದ್ದು ಮಾಯೆ ಇಳಿದಿದೆ. ಆಮೇಲೆ ಅದೇ ಹೂವಿನ ರಸ ಬಿದ್ದು ಹೆಲೆನಾಳತ್ತ ತಿರುಗಿದ ಡಿಮೀಟ್ರಿಯಸ್‌ಗೆ ಇಳಿಸುವುದೇ ಇಲ್ಲ. ಅವನಿಗೆ ಹರ್ಮಿಯಾ ಬೇಡವಾದ ಮೇಲಷ್ಟೇ ದೊರೆ ಅಪ್ಪನ ಮಾತನ್ನು ತಳ್ಳಿಹಾಕುವುದು. ಮೊದಲ ಅಂಕದಲ್ಲಿ ಇದೇ ದೊರೆ, ಕಾನೂನನ್ನು ಸಡಿಲಿಸಲು ತನ್ನಿಂದಾಗದು ಎಂದಿದ್ದ.

ಈಜಿಯಸ್ ಇದಕ್ಕೆ ಒಂದು ಮಾತೂ ಆಡುವುದಿಲ್ಲ. ಕ್ವಾರ್ಟೊದಲ್ಲಿ ಅವನು ಮತ್ತೆ ರಂಗಕ್ಕೆ ಬರುವುದೂ ಇಲ್ಲ. ಫೋಲಿಯೋದಲ್ಲಿ ಮಾತ್ರ ಮದುವೆಯ ಸಂಜೆಯ ಆಟಗಳನ್ನು ನೋಡಿಕೊಳ್ಳುವ ಫಿಲೊಸ್ಟ್ರೇಟನ ಮಾತುಗಳು ಬಹುಪಾಲು ಅವನ ಪಾಲಿಗೆ ಬಂದಿವೆ. ನೀವು ನೋಡುವ ಪ್ರಯೋಗ ಫೋಲಿಯೋ ಹಿಡಿದಿದ್ದರೆ, ಐದನೆಯ ಅಂಕದಲ್ಲಿ ಅಪ್ಪ ಮಗಳಿಂದ ಎಷ್ಟು ದೂರ ನಿಲ್ಲುತ್ತಾನೆ, ಅವಳತ್ತ ಒಮ್ಮೆಯಾದರೂ ತಿರುಗುತ್ತಾನೆಯೇ ಎಂದು ನೋಡಿ.