ಚೆಂಡೆ ಇಲ್ಲದ ಧೀಂಗಿಣ

ನಮ್ಮ ಶಾಲೆಯ ಸ್ಟೇಜಿನ ಸಿಮೆಂಟ್ ನೆಲಕ್ಕೆ ನನ್ನ ಮೊಣಕಾಲಿನ ಚರ್ಮ ಎಷ್ಟು ಹೋಗಿದೆಯೋ ಲೆಕ್ಕ ಇಟ್ಟವರಿಲ್ಲ. ಎಂಟನೇ ಕ್ಲಾಸಿನಿಂದ ಹತ್ತರವರೆಗೆ ಶನಿವಾರ ಮಧ್ಯಾಹ್ನ ಅಲ್ಲಿ ಯಕ್ಷಗಾನದ ತರಗತಿ ಇರುತ್ತಿತ್ತು. ನಾನು ಪುಂಡುವೇಷದವನು, ಅಂದರೆ ಎಳೆಯ ವೀರರ ಪಾತ್ರದವನು. ಅರ್ಥಗಾರಿಕೆ ಅಷ್ಟಕ್ಕಷ್ಟೆ, ಹಾರುವುದು ಮಾತ್ರ ಜಾಸ್ತಿ. ಸ್ಕೂಲ್ ಡೇ ದಿನ ಅಭಿಮನ್ಯು ಮಾಡಿ, ಚೆಂಡೆಯ ಪೆಟ್ಟಿಗೆ ಹಾರಿ ಸುತ್ತುವ ಧೀಂಗಿಣ ಹದಿನೆಂಟು ಹಾಕಿದ್ದೆ. ಹತ್ತೊಂಬತ್ತನೆಯದಕ್ಕೆ ತಲೆ ಸುತ್ತಿ ದ್ರೋಣನ ಮೇಲೆ ಬಿದ್ದೆ. ಆ ದ್ರೋಣ ಈಗ ಬ್ಯಾಂಕಿನಲ್ಲಿದ್ದಾನೆ, ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಾನೆ.

ಶಾಲೆಯ ಈ ಸಂಚಿಕೆಗೆ ಬರೆಯಿರಿ ಅಂದವರು ನಾನು ಡಾಕ್ಟರಿಕೆಯ ಬಗ್ಗೆ ಬರೆಯುತ್ತೇನೆ ಅಂದುಕೊಂಡಿರಬೇಕು. ಅದು ಬೇಡ. ಒಂದು ಒದೆತದ ಬಗ್ಗೆ ಬರೆಯುತ್ತೇನೆ.

2011ರಲ್ಲಿ ಎಂಬಿಬಿಎಸ್ ಓದಲು ಚೀನಾದ ಝೆಂಗ್‌ಝೌಗೆ ಹೋದೆ. ಹೆನಾನ್ ಪ್ರಾಂತ್ಯದ ರಾಜಧಾನಿ ಅದು. ಶಾವೋಲಿನ್ ದೇವಾಲಯ ಇರುವ ಡೆಂಗ್‌ಫೆಂಗ್ ಅದೇ ಪ್ರಾಂತ್ಯದಲ್ಲಿದೆ, ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಊರಿಗೆ ಫೋನ್ ಮಾಡಿದಾಗಲೆಲ್ಲ ಎಲ್ಲರದ್ದೂ ಒಂದೇ ಪ್ರಶ್ನೆ: ಕುಂಗ್‌ಫು ಕಲಿತಿಯಾ? ಶಾವೋಲಿನ್‌ಗೆ ನಾನು ಹೋದದ್ದು ಒಂದೇ ಸಲ, ಅದೂ ಟಿಕೆಟ್ ತಗೊಂಡು ಫೋಟೊ ತೆಗೆಯೋಕೆ. ಕಲಿತದ್ದು ನಮ್ಮ ಹಾಸ್ಟೆಲ್ಲಿನ ಹಿಂದಿನ ಮೈದಾನದಲ್ಲಿ. ಅಲ್ಲಿ ಬೆಳಿಗ್ಗೆ ಆರಕ್ಕೆ ಒಬ್ಬರು ನಿವೃತ್ತ ಪಿ.ಟಿ. ಮಾಸ್ಟ್ರು ಹತ್ತು ಹನ್ನೆರಡು ಮಕ್ಕಳಿಗೆ ವುಶು, ಅಂದರೆ ಚೀನಾದ ಕಾದಾಟದ ಕಲೆ, ಹೇಳಿಕೊಡುತ್ತಿದ್ದರು. ಎಲ್ಲರೂ ಅವರನ್ನು ಲಾವ್‌ಶಿ ಅನ್ನುತ್ತಿದ್ದರು. ಅಂದರೆ ಮೇಷ್ಟ್ರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಚೈನೀಸ್ ಕ್ಯಾಂಟೀನಿನಲ್ಲಿ ಅನ್ನ ಕೇಳುವಷ್ಟು ಮಾತ್ರ.

ಮೊದಲ ಎರಡು ತಿಂಗಳು ಒಂದು ಸಲವೂ ಹಾರಲು ಬಿಡಲಿಲ್ಲ. ಕಟ್ಟೆಯ ಮೇಲೆ ಕಾಲಿಟ್ಟು ಹಣೆಯನ್ನು ಮೊಣಕಾಲಿಗೆ ಮುಟ್ಟಿಸುವುದು. ಕಾಲನ್ನು ನೇರವಾಗಿ ಹಣೆಯ ಎತ್ತರಕ್ಕೆ ಎಸೆಯುವುದು. ಆಮೇಲೆ ಲಿ-ಹ-ತುಯ್. ಇದರಲ್ಲಿ ಕಾಲು ಹೊರಗಿನಿಂದ ಎದ್ದು, ಮುಖದ ಮುಂದೆ ಬೀಸಣಿಗೆಯ ಹಾಗೆ ದಾಟಿ, ಒಳಗೆ ಇಳಿಯುತ್ತದೆ. ದಾಟುವಾಗ ಪಾದದ ತಳ ಎದುರು ಕೈಯ ಅಂಗೈಗೆ ಹೊಡೆಯಬೇಕು. ಧೀಂಗಿಣ ಹಾಕಿದವನಿಗೆ ಇದೆಲ್ಲ ಯಾಕೆ ಅಂತ ನನಗೆ ಒಳಗೊಳಗೇ ಸಿಟ್ಟು.

ನಂತರ ಚಾಂಗ್‌ಚ್ವೆನ್ ಅನ್ನುವ ವುಶು ಶೈಲಿ ಶುರುವಾಯಿತು. 1950ರ ದಶಕದಲ್ಲಿ ಚೀನಾ ಸರ್ಕಾರದ ಕ್ರೀಡಾ ಇಲಾಖೆ ಇದಕ್ಕೆ ಹೊಸಬರು ಕಲಿಯುವ ಪಾಠಗಳನ್ನು ಮಾಡಿಸಿತ್ತು. ಅದರ ಮೂರನೇ ಪಾಠದ ಕೊನೆಯ ಭಾಗದಲ್ಲಿ ಹಾರಿ ಒದೆಯುವುದು ಬರುತ್ತದೆ. ಅದನ್ನು ಬೇಗ ಕಲಿತೆ. ಸಿಕ್ಕಿಬಿದ್ದದ್ದು ಅದರ ಮುಂದಿನದರಲ್ಲಿ: ಶ್ವೆನ್‌ಫಂಗ್‌ಜ್ಯಾವ್, ಅಂದರೆ ಸುಂಟರಗಾಳಿಯ ಕಾಲು.

ನೋಡುವವರಿಗೆ ಅದು ಒಂದು ಕ್ಷಣ. ಎಡಗಾಲು ಮುಂದಿಟ್ಟು, ಬಲಗಾಲನ್ನು ಬೆರಳು ಒಳಗೆ ತಿರುಗಿಸಿ ಊರಬೇಕು. ಮೈ ಎಡಕ್ಕೆ ತಿರುಗುತ್ತಾ ಎರಡೂ ಕೈ ಮೇಲಕ್ಕೆ ಬೀಸಿ, ಎಡಗಾಲು ಎತ್ತಿ, ಬಲಗಾಲಿನಿಂದ ನೆಲ ಒದ್ದು ಏಳಬೇಕು. ಗಾಳಿಯಲ್ಲೇ ಬಲಗಾಲು ಲಿ-ಹ-ತುಯ್ ಹೊಡೆದು ಎಡ ಅಂಗೈಗೆ ಪಟಾರ್ ಅಂತ ಬಡಿಯಬೇಕು. ಅದೂ ಮುಖದ ಎತ್ತರದಲ್ಲಿ. ಬೆನ್ನು ಬಾಗುವ ಹಾಗಿಲ್ಲ, ಮೊಣಕಾಲು ಮಡಚುವ ಹಾಗಿಲ್ಲ. ಕೈ ಕೆಳಗೆ ಹೋಗಿ ಕಾಲನ್ನು ಹುಡುಕಬಾರದು, ಕಾಲೇ ಮೇಲೆ ಬರಬೇಕು.

ನನ್ನದು ಬರುತ್ತಿರಲಿಲ್ಲ. ಧೀಂಗಿಣದ ಅಭ್ಯಾಸ ಇದ್ದ ಮೈ ತಿರುಗುವುದಕ್ಕೆ ಹೆದರುತ್ತಿರಲಿಲ್ಲ, ಅದೇ ತೊಂದರೆ ಆಯಿತು. ಏಳುವ ಮೊದಲೇ ತಿರುಗಿಬಿಡುತ್ತಿದ್ದೆ. ಅರ್ಧ ಸುತ್ತು ನೆಲದ ಮೇಲೇ ಖರ್ಚಾದರೆ ಗಾಳಿಯಲ್ಲಿ ಉಳಿಯುವುದೆಷ್ಟು? ಕಾಲು ಸೊಂಟದ ಹತ್ತಿರ ಸುಮ್ನೆ ಬೀಸಿ ಇಳಿಯುತ್ತಿತ್ತು. ಲಾವ್‌ಶಿ ದಿನಾ ಎರಡೇ ಶಬ್ದ ಹೇಳುತ್ತಿದ್ದರು: "ಬು ದುಯ್." ಸರಿಯಿಲ್ಲ.

ಶಬ್ದ ಬಂದರೆ ಸಾಕು ಅಲ್ವಾ ಅಂತ ಒಂದು ಉಪಾಯ ಮಾಡಿದೆ. ಹಾರಿದಾಗ ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದೆ. ಚಂದ ಕೇಳಿಸಿತು. ಲಾವ್‌ಶಿ ಏನೂ ಹೇಳಲಿಲ್ಲ. ಜೇಬಿನಿಂದ ಒಂದು ಸೀಮೆಸುಣ್ಣ ತೆಗೆದು, ನನ್ನ ಬಲಗಾಲು ಹಿಡಿದೆತ್ತಿ, ಕ್ಯಾನ್ವಾಸ್ ಶೂವಿನ ತಳಕ್ಕೆ ಚೆನ್ನಾಗಿ ತಿಕ್ಕಿದರು. ಮತ್ತೆ ಹಾರು ಅಂತ ಕೈ ತೋರಿಸಿದರು. ಹಾರಿದೆ, ಚಪ್ಪಾಳೆ ತಟ್ಟಿದೆ. ನನ್ನ ಎಡ ಅಂಗೈ ಬಿಡಿಸಿ ಎಲ್ಲರಿಗೂ ತೋರಿಸಿದರು. ಕ್ಲೀನಾಗಿತ್ತು. ಒಂಬತ್ತು ವರ್ಷದ ಒಬ್ಬ ಹುಡುಗಿ ನಕ್ಕು ನಕ್ಕು ಕೂತೇಬಿಟ್ಟಳು. ಅವಳದ್ದು ಆಗಲೇ ಒಂದು ಸುತ್ತು ಪೂರ್ತಿ ಆಗುತ್ತಿತ್ತು.

ಅದೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡು ಹೆಜ್ಜೆ ಬರೆದರು. ಬಲಹೆಜ್ಜೆಯ ಬೆರಳು ಎಷ್ಟು ಒಳಗೆ ತಿರುಗಿತ್ತೆಂದರೆ ನಿಲ್ಲುವುದೇ ಕಷ್ಟ. ಒಗೆದ ಬಟ್ಟೆ ಹಿಂಡಿ ಹಿಡಿದ ಹಾಗೆ ಸೊಂಟ ಬಿಗಿಯುತ್ತಿತ್ತು. ಬಿಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ತಿರುಗಿಸಬೇಕಾದವನು ನಾನಲ್ಲ, ಆ ಪಾದ ಅಂತ ಗೊತ್ತಾಗಲು ಇನ್ನೂ ಮೂರು ತಿಂಗಳು ಬೇಕಾಯಿತು.

ಚೀನಾದಲ್ಲಿ ಡಿಸೆಂಬರ್ ಕೊನೆಗೆ ಬರುವ ವರ್ಷದ ಅತಿ ಚಿಕ್ಕ ಹಗಲಿನಿಂದ ಒಂಬತ್ತೊಂಬತ್ತು ದಿನದ ಲೆಕ್ಕ ಹಾಕುತ್ತಾರೆ. ಮೂರನೇ ಒಂಬತ್ತು ಅತಿ ಚಳಿ, ಜನವರಿ ಮಧ್ಯದ ಹೊತ್ತಿಗೆ ಬರುತ್ತದೆ. ಆ ಚಳಿಯಲ್ಲಿ ಅಭ್ಯಾಸ ಬಿಡಬಾರದು ಅಂತ ಅವರಲ್ಲಿ ಗಾದೆಯೇ ಇದೆ. ಪರೀಕ್ಷೆ ಇತ್ತು, ಅನಾಟಮಿ ಮುಗಿದಿರಲಿಲ್ಲ, ಆದರೂ ಹೋದೆ. ಕಿವಿ ಮರಗಟ್ಟಿತ್ತು. ಲಾವ್‌ಶಿ ನಮಗೆ ಬೆನ್ನು ಹಾಕಿ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸುತ್ತಿದ್ದರು. ಹಾರಿದೆ. ಅಂಗೈ ಮೇಲೆ ಬೆಂಕಿ ಇಟ್ಟ ಹಾಗಾಯಿತು. ಅವರು ತಿರುಗದೆಯೇ "ದುಯ್" ಅಂದರು. ಅಷ್ಟೆ. ಅಂಗೈ ನೋಡಿಕೊಂಡೆ. ಶೂ ತಳದ ಗೆರೆಗಳು ಬೆಳ್ಳಗೆ ಮೂಡಿದ್ದವು. ಮಧ್ಯಾಹ್ನ ಊಟದವರೆಗೂ ಕೈ ತೊಳೆಯಲಿಲ್ಲ. ಡಾಕ್ಟರ್ ಆಗುವವನು ಹೇಳುವ ಮಾತಲ್ಲ ಇದು.

ನಾನು ಕಲಿತದ್ದು ಬರೀ ಒಂದು ಸುತ್ತಿನದು, ಅಂದರೆ 360 ಡಿಗ್ರಿ. ಸ್ಪರ್ಧೆಗೆ ಹೋಗುವವರು 14 ಮೀಟರ್ ಉದ್ದ, 8 ಮೀಟರ್ ಅಗಲದ ಕಾರ್ಪೆಟ್ ಮೇಲೆ 540, 720 ಹಾಕಿ ಮಾಬು ಅನ್ನುವ ಕುದುರೆ ಸವಾರನ ಭಂಗಿಯಲ್ಲಿ ಇಳಿಯುತ್ತಾರೆ. ಇಳಿದಾಗ ಪಾದ ಸ್ವಲ್ಪ ಜರುಗಿದರೂ ಅಂಕ ಹೋಯಿತು. ವುಶು 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದಲೂ ಇದೆ. ಒಲಿಂಪಿಕ್ಸ್‌ಗೆ ಮಾತ್ರ ಸೇರಲೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲೇ ಒಲಿಂಪಿಕ್ಸ್ ನಡೆದಾಗಲೂ ಪಕ್ಕದಲ್ಲಿ ಬೇರೆ ಟೂರ್ನಮೆಂಟ್ ಮಾಡಿ ಸಮಾಧಾನಪಡಬೇಕಾಯಿತು. ಈಗ 2026ರ ಡಕಾರ್ ಯೂತ್ ಒಲಿಂಪಿಕ್ಸ್‌ಗೆ ಸೇರಿಸಿದ್ದಾರೆ. ಆ ಹುಡುಗಿಗೆ ಅಷ್ಟು ಹೊತ್ತಿಗೆ ವಯಸ್ಸು ಮೀರಿರುತ್ತದೆ.

2017ರಲ್ಲಿ ಊರಿಗೆ ಬಂದವನು ಒಂದು ಶನಿವಾರ ಶಾಲೆಗೆ ಹೋದೆ. ತರಗತಿ ನಡೆಯುತ್ತಿತ್ತು. ಅದೇ ಸ್ಟೇಜು, ಅದೇ ನಾಟ್ಯದ ಮಾಸ್ಟ್ರು, ಕೂದಲು ಮಾತ್ರ ಪೂರ್ತಿ ಬಿಳಿ. ಚೀನಾದಲ್ಲಿ ಎಂತ ಕಲಿತೆ, ತೋರಿಸು ಅಂದರು. ಪ್ಯಾಂಟು ಮಡಚಿ, ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟು ಹಾರಿದೆ. ಪಟಾರ್ ಅಂತ ಶಬ್ದ ಬಂತು. ಮಕ್ಕಳೆಲ್ಲ ಹೋ ಅಂದರು. ಮಾಸ್ಟ್ರು ನನ್ನ ಕೆಂಪಗಾದ ಅಂಗೈ ನೋಡಿದರು.

"ಅಲ್ಲ ಮಾರಾಯ, ಪೆಟ್ಟು ನೀನೇ ಹಾಕಿಕೊಂಡರೆ ಚೆಂಡೆಯವ ಎಂತ ಮಾಡುವುದು?"