ಹಿಂದಿನ ಕಮಾನಿಗೊಂದು ಊರುಗೋಲು

ನನ್ನ ಪಿಕಪ್ ವಾಹನದ ಹಿಂಬದಿಯಲ್ಲಿ 500 ಲೀಟರಿನ ನೀರಿನ ತೊಟ್ಟಿ, ಅದರ ಎಡಕ್ಕೆ ಒಂದು ಪಂಪು, ಕ್ಯಾಬಿನ್ನಿಗೆ ಒರಗಿದಂತೆ ಉಪಕರಣಗಳ ಕಬ್ಬಿಣದ ಪೆಟ್ಟಿಗೆ ಇವೆ. ಒತ್ತಡದ ನೀರಿನಿಂದ ಗೋಡೆ, ನೆಲ, ಯಂತ್ರಗಳನ್ನು ತೊಳೆದುಕೊಡುವುದು ನನ್ನ ವೃತ್ತಿ. ವಾರದಲ್ಲಿ ಎರಡು ದಿನ ಮಾತ್ರ ತೊಟ್ಟಿ ತುಂಬಿರುತ್ತದೆ; ಉಳಿದ ದಿನಗಳಲ್ಲಿ, ಮತ್ತು ತುಂಬಿಕೊಂಡು ಹೋದ ದಿನವೂ ಮರಳುವ ದಾರಿಯಲ್ಲಿ, ಅದು ಖಾಲಿ. ಈ ಲೆಕ್ಕವನ್ನು ನಾನು ಮೊದಲೇ ಹಾಕಿಕೊಂಡಿದ್ದರೆ ಹೊರೆ ಹೆಚ್ಚಾದಾಗ ಹಿಂದಿನ ಕಮಾನಿಗೆ ನೆರವಾಗುವ ಹೆಲ್ಪರ್ ಸ್ಪ್ರಿಂಗ್ ಆರಿಸುವ ಕೆಲಸವನ್ನು ಎರಡೆರಡು ಸಲ ಮಾಡಬೇಕಾಗುತ್ತಿರಲಿಲ್ಲ.

ತೊಟ್ಟಿ ತುಂಬಿದಾಗ ವಾಹನ ಹಿಂದಕ್ಕೆ ಕುಳಿತುಬಿಡುತ್ತಿತ್ತು. ರಸ್ತೆಯ ಉಬ್ಬು ದಾಟುವಾಗ ಆಕ್ಸಲ್ ಮೇಲೆದ್ದು ಚಾಸಿಯಡಿಯ ರಬ್ಬರ್ ತಡೆಯಾದ ಬಂಪ್ ಸ್ಟಾಪ್‌ಗೆ ಬಡಿದು ‘ಧಡ್’ ಎನ್ನುವ ಸದ್ದು ಸೀಟಿನವರೆಗೂ ಬರುತ್ತಿತ್ತು. ರಾತ್ರಿ ಹೊತ್ತು ಎದುರಿನವರು ಪದೇ ಪದೇ ದೀಪ ಮಿಣುಕಿಸುತ್ತಿದ್ದರು. ನನ್ನ ಹೆಡ್‌ಲೈಟು ಅವರ ಕಣ್ಣಿಗೆ ಹೊಡೆಯುತ್ತಿದೆಯೆಂದು ತಿಳಿಯಲು ನನಗೆ ಕೆಲವು ವಾರಗಳೇ ಬೇಕಾದವು. ಆಗ ಮಾಡಿದ ಮೊದಲ ಕೆಲಸವೆಂದರೆ, ಯಾವ ಅಳತೆಯನ್ನೂ ತೆಗೆದುಕೊಳ್ಳದೆ, ಎರಡೂ ಬದಿಯ ಲೀಫ್ ಸ್ಪ್ರಿಂಗ್ (ಕಮಾನು) ಕಟ್ಟಿಗೆ ಒಂದೊಂದು ಹೆಚ್ಚುವರಿ ಪಾಟಾ, ಎಂದರೆ ಉಕ್ಕಿನ ಪಟ್ಟಿ, ಸೇರಿಸಿಸಿದ್ದು. ಸಿಕ್ಕಿದ್ದರಲ್ಲಿ ದಪ್ಪನೆಯದನ್ನೇ ಆರಿಸಿದ್ದೆ.

ಅದರ ಫಲವನ್ನು ಮರುದಿನವೇ ಉಂಡೆ. ಖಾಲಿ ವಾಹನದ ಹಿಂಬದಿ 40 ಮಿ.ಮೀ. ಎದ್ದು ನಿಂತಿತು. ಸಣ್ಣ ಕಲ್ಲಿನ ಮೇಲೆ ಹತ್ತಿದರೂ ಹಿಂದಿನ ಚಕ್ರಗಳು ನೆಗೆಯುತ್ತಿದ್ದವು, ಹಿಂಬಾಗಿಲು ಗಡಗಡನೆ ನಡುಗುತ್ತಿತ್ತು. ಒಂದು ಮಳೆಯ ಸಂಜೆ ತೀರಾ ನಿಧಾನವಾಗಿ ತಿರುವು ತೆಗೆದುಕೊಳ್ಳುತ್ತಿದ್ದಾಗ ಹಿಂಬದಿ ಹೊರಕ್ಕೆ ಜಾರಿದ್ದು ನನ್ನನ್ನು ನಿಜವಾಗಿ ಹೆದರಿಸಿತು. ಪಾಟಾದ ಬಿಗಿ ಅದರ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ: ದಪ್ಪ ಶೇ. 10ರಷ್ಟು ಹೆಚ್ಚಿದರೆ ಬಿಗಿ ಶೇ. 33ರಷ್ಟು ಹೆಚ್ಚುತ್ತದೆ. ಕಣ್ಣಿಗೆ ‘ಸ್ವಲ್ಪ ದಪ್ಪ’ ಎನಿಸಿದ್ದು ಚಕ್ರಕ್ಕೆ ಸ್ವಲ್ಪವಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಟ್ಟಿನೊಳಗೆ ಸೇರಿದ ಪಾಟಾ ಹೊರೆ ಇರಲಿ ಬಿಡಲಿ ಸದಾ ದುಡಿಯುತ್ತಲೇ ಇರುತ್ತದೆ. ಯಾವಾಗಲೂ ಹೊರೆ ಹೊತ್ತೇ ಓಡುವ ವಾಹನಕ್ಕೆ ಅದು ಸರಿಯಾದ ಪರಿಹಾರ. ವಾರದಲ್ಲಿ ಐದು ದಿನ ಖಾಲಿ ಓಡುವ ನನ್ನಂಥವನ ವಾಹನಕ್ಕೆ ಅದು ಶಿಕ್ಷೆ. ಮೂರೇ ವಾರದಲ್ಲಿ ತೆಗೆಸಿದೆ.

ತೆಗೆಯುವಾಗ ಹಿರಿಯ ಮೆಕ್ಯಾನಿಕ್ ಒಬ್ಬರು ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಟಾರ್ಚು ಬಿಟ್ಟು ನೋಡುತ್ತ ಹೇಳಿದರು: “ಪಾಟಾ ಸೋತಿದೆಯೋ, ಲೋಡು ಜಾಸ್ತಿಯಾಗಿದೆಯೋ, ಅದನ್ನು ಮೊದಲು ನೋಡಬೇಕು ಸರ್. ಸೋತ ಪಾಟಾಕ್ಕೆ ಏನು ಕಟ್ಟಿದರೂ ಅಷ್ಟೇ.” ಅವರೇ ಪ್ರತಿ ಪಾಟಾದ ಅಂಚನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ ಬಿರುಕಿದೆಯೇ ಎಂದು ಪರೀಕ್ಷಿಸಿದರು. ಬಿರುಕಿರಲಿಲ್ಲ, ಕಮಾನಿನ ಬಾಗೂ ಉಳಿದಿತ್ತು. ಕಟ್ಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯಾದ ಶಾಕಲ್‌ನ ಎರಡು ಬುಷ್‌ಗಳು ಮಾತ್ರ ಸವೆದು ಅಂಡಾಕಾರಕ್ಕೆ ಬಂದಿದ್ದವು, ಅವನ್ನು ಬದಲಿಸಿದೆವು. ಕಟ್ಟನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ, ಆಗ ಬಿಚ್ಚಿದ ಹಳೆಯ ಯು ಬೋಲ್ಟ್‌ಗಳನ್ನೇ ಮತ್ತೆ ಹಾಕಲು ಅವರು ಒಪ್ಪಲಿಲ್ಲ. ಒಮ್ಮೆ ಎಳೆದು ಬಿಗಿದ ಬೋಲ್ಟು ಹಿಗ್ಗಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ ಎಂಬುದು ಅವರ ಮಾತು. ಹೊಸದನ್ನೇ ಹಾಕಿದೆವು.

ಪಾಟಾ ಸೋತಿಲ್ಲವೆಂದಾದ ಮೇಲೆ ಉಳಿದದ್ದು ಹೊರೆಯ ಪ್ರಶ್ನೆ. ಇಲ್ಲಿ ನನ್ನ ವೃತ್ತಿಯೇ ನನಗೆ ನೆರವಾಯಿತು. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ, ಆದ್ದರಿಂದ ಮೀಟರಿನ ಮೂಲಕ ನೀರು ಬಿಟ್ಟರೆ ವಾಹನದ ಮೇಲೆ ಎಷ್ಟು ತೂಕ ಏರಿತೆಂಬುದು ತಕ್ಕಡಿಯಿಲ್ಲದೆಯೇ ತಿಳಿಯುತ್ತದೆ. ಒಂದು ರಜೆಯ ದಿನ ಬೆಳಿಗ್ಗೆ ಸಮತಟ್ಟಾದ ಕಾಂಕ್ರೀಟಿನ ಮೇಲೆ ವಾಹನ ನಿಲ್ಲಿಸಿ, ಟೈರುಗಳ ಗಾಳಿ ಸರಿಪಡಿಸಿ, ನಾಲ್ಕೂ ಚಕ್ರದ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಸೀಮೆಸುಣ್ಣದಲ್ಲಿ ಬರೆದೆ. ನೆಲದಿಂದ ಅಳೆಯುವವರೂ ಇದ್ದಾರೆ, ಆದರೆ ಹಾಗೆ ಅಳೆದರೆ ಟೈರು ಅಮುಕಿದ್ದೂ ಸ್ಪ್ರಿಂಗಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಖಾಲಿ ತೊಟ್ಟಿಯಲ್ಲಿ ಹಿಂದಿನ ಬಲಬದಿ 520 ಮಿ.ಮೀ., ಎಡಬದಿ 512. ಈ 8 ಮಿ.ಮೀ. ವ್ಯತ್ಯಾಸ ಎಡಗಡೆಯ ಪಂಪಿನದು. ಮೊದಲ 100 ಲೀಟರ್ ಬಿಟ್ಟಾಗ ಎರಡೂ ಬದಿ 18 ಮಿ.ಮೀ. ಇಳಿದವು, ಮುಂದಿನ 100ಕ್ಕೆ ಮತ್ತೆ 18, ಅದರ ಮುಂದಿನ 100ಕ್ಕೂ 18. ತೂಕಕ್ಕೆ ತಕ್ಕಂತೆ ಇಳಿತ ಎಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ನನ್ನ ಅಂಗಳದ ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದ ಗೆರೆಗಳಾಗಿ ಮೂಡಿದ್ದನ್ನು ಕಂಡು, ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದಕ್ಕೆ ಇಷ್ಟು ವರ್ಷಗಳ ನಂತರ ಬೆಲೆ ಬಂದಂತಾಯಿತು. ನಾಲ್ಕನೆಯ 100 ಲೀಟರಿಗೆ ಇಳಿದದ್ದು 12 ಮಾತ್ರ. ಕೆಳಗೆ ಬಗ್ಗಿ ನೋಡಿದರೆ, ಕಟ್ಟಿನ ಬುಡದಲ್ಲಿ ಬಾಗಿಲ್ಲದೆ ಚಪ್ಪಟೆಯಾಗಿರುವ ದಪ್ಪ ಪಾಟಾಕ್ಕೆ ಮೇಲಿನವು ಬಂದು ತಾಗಿದ್ದವು. ಕಂಪನಿಯೇ ಇಟ್ಟಿರುವ ಆ ಓವರ್‌ಲೋಡ್ ಪಾಟಾ ಅಲ್ಲಿಯವರೆಗೆ ಸುಮ್ಮನಿದ್ದು, ಹೊರೆ ಹೆಚ್ಚಾದಾಗ ಕೈಜೋಡಿಸುತ್ತದೆ. ಪೂರ್ತಿ ತುಂಬಿದಾಗ ಒಟ್ಟು ಇಳಿತ 78 ಮಿ.ಮೀ.; ಎಡಬದಿಯ ಬಂಪ್ ಸ್ಟಾಪ್‌ಗೂ ಆಕ್ಸಲ್‌ಗೂ ನಡುವೆ ಉಳಿದದ್ದು ನನ್ನ ಕಿರುಬೆರಳು ತೂರುವಷ್ಟು ಜಾಗ. ‘ಧಡ್’ ಎಂಬ ಸದ್ದಿನ ಮೂಲ ಅಲ್ಲಿತ್ತು.

ಮುಂಭಾಗದ ಗುರುತುಗಳನ್ನು ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ತೊಟ್ಟಿ ತುಂಬಿದಂತೆ ಮುಂದಿನ ಚಕ್ರಗಳ ಮೇಲಿನ ಅಂತರ ಕಡಿಮೆಯಾಗುವ ಬದಲು 8 ಮಿ.ಮೀ. ಹೆಚ್ಚಿತ್ತು. ತೊಟ್ಟಿಯ ನಡು ಹಿಂದಿನ ಆಕ್ಸಲ್‌ಗಿಂತ 300 ಮಿ.ಮೀ. ಹಿಂದಕ್ಕಿತ್ತು; ಆ ಆಕ್ಸಲ್ಲನ್ನು ಆನಿಕೆಯಾಗಿಸಿಕೊಂಡು ನೀರಿನ ತೂಕ ಮುಂಭಾಗವನ್ನು ಮೀಟುತ್ತಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3,000 ಮಿ.ಮೀ. ಇರುವ ನನ್ನ ವಾಹನದಲ್ಲಿ ಇದರ ಲೆಕ್ಕ ಸುಲಭ: 500 ಕೆ.ಜಿ. ನೀರು ಹಿಂದಿನ ಚಕ್ರಗಳಿಗೆ 550 ಕೆ.ಜಿ. ಆಗಿ ಬೀಳುತ್ತದೆ, ಮುಂದಿನ ಚಕ್ರಗಳಿಂದ 50 ಕೆ.ಜಿ. ಕಸಿದುಕೊಳ್ಳುತ್ತದೆ. ಸ್ಟಿಯರಿಂಗ್ ಹಗುರವೆನಿಸುತ್ತಿದ್ದುದಕ್ಕೆ ಕಾರಣ ಇದೇ ಆಗಿತ್ತು; ಹಿಂಬದಿ ಕೂತದ್ದರಿಂದ ಮೇಲಕ್ಕೆ ನೋಡುತ್ತಿದ್ದ ಹೆಡ್‌ಲೈಟನ್ನು ಇದು ಇನ್ನಷ್ಟು ಎತ್ತುತ್ತಿತ್ತು, ಮತ್ತು ತೂಕದ ಈ ಹಂಚಿಕೆಯನ್ನು ಯಾವ ಸ್ಪ್ರಿಂಗೂ ಸರಿಪಡಿಸಲಾರದು. ಸ್ಪ್ರಿಂಗು ಎತ್ತರವನ್ನು ಬದಲಿಸುತ್ತದೆ; ತೂಕ ಎಲ್ಲಿ ಕೂತಿದೆಯೋ ಅಲ್ಲೇ ಕೂತಿರುತ್ತದೆ.

ಹಾಗಾಗಿ ಮಧ್ಯಾಹ್ನವೆಲ್ಲ ತೊಟ್ಟಿಯನ್ನೂ ಪೆಟ್ಟಿಗೆಯನ್ನೂ ಅದಲುಬದಲು ಮಾಡುವುದರಲ್ಲಿ ಕಳೆಯಿತು. ತೊಟ್ಟಿ 600 ಮಿ.ಮೀ. ಮುಂದಕ್ಕೆ ಹೋಯಿತು, 60 ಕೆ.ಜಿ.ಯ ಪೆಟ್ಟಿಗೆ ಹಿಂದಕ್ಕೆ ಬಂತು, ಪಂಪು ನಡುವಿಗೆ ಸರಿಯಿತು. ಈ ಬದಲಾವಣೆಗೆ ಮುನ್ನ ತುಂಬಿದ ತೊಟ್ಟಿಯೊಂದಿಗೆ ವೇಬ್ರಿಡ್ಜಿನಲ್ಲಿ ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ತೂಗಿದಾಗ 1,390 ಕೆ.ಜಿ. ಬಂದಿತ್ತು, ನಂತರ 1,310 ಬಂತು. ಬಾಗಿಲಿನ ಕಂಬದ ಮೇಲಿನ ಫಲಕದಲ್ಲಿ ಹಿಂದಿನ ಆಕ್ಸಲ್‌ಗೆ ಕಂಪನಿ ಕೊಟ್ಟಿರುವ ಮಿತಿ 1,500. ಆ ಮಿತಿಯನ್ನು ಮೀರಿದ್ದರೆ ನನ್ನ ಹುಡುಕಾಟ ಅಲ್ಲಿಗೇ ನಿಲ್ಲಬೇಕಿತ್ತು. ಹೆಲ್ಪರ್ ಸ್ಪ್ರಿಂಗಿನ ಡಬ್ಬದ ಮೇಲೆ ಎಷ್ಟೇ ದೊಡ್ಡ ಸಂಖ್ಯೆ ಮುದ್ರಿಸಿದ್ದರೂ ಅದು ಆ ಸ್ಪ್ರಿಂಗ್ ತಾಳುವ ಭಾರ. ಆಕ್ಸಲ್, ಬೇರಿಂಗ್, ಟೈರು, ಬ್ರೇಕುಗಳ ಶಕ್ತಿ ಅದರಿಂದ ಒಂದು ಕೆ.ಜಿ.ಯಷ್ಟೂ ಏರುವುದಿಲ್ಲ. ಇದನ್ನು ಬಲ್ಲವರೂ ಮಾರಾಟದ ಮಾತಿನಲ್ಲಿ ನುಂಗಿಬಿಡುತ್ತಾರೆ ಎಂಬುದು ನನ್ನ ಅಸಮಾಧಾನ.

ಬರಿಯ ಸ್ಥಳ ಬದಲಾವಣೆಯಿಂದ ತುಂಬಿದ ವಾಹನ 9 ಮಿ.ಮೀ. ಮೇಲೆದ್ದಿತು, ಎರಡೂ ಬದಿಯ ಸರಾಸರಿ 438ರಿಂದ 447ಕ್ಕೆ. ಆದರೂ ಸಾಲದು. ಈಗ ಆರಿಸುವ ಹೊತ್ತು, ಮತ್ತು ಈ ಬಾರಿ ನಾನು ‘ಇದು ಎಷ್ಟು ಹೊರುತ್ತದೆ’ ಎಂದು ಕೇಳುವುದನ್ನು ಬಿಟ್ಟು ‘ಇದು ಎಷ್ಟನೆಯ ಲೀಟರಿನಿಂದ ಕೆಲಸಕ್ಕಿಳಿಯುತ್ತದೆ’ ಎಂದು ಕೇಳತೊಡಗಿದೆ. ಈ ಪ್ರಶ್ನೆಗೆ ಕಟ್ಟಿನ ಮೇಲೆ ಕ್ಲಾಂಪು ಹಾಕಿ ಕೂರಿಸುವ ಉಕ್ಕಿನ ಹೆಲ್ಪರ್ ಪಾಟಾ ಪೂರ್ತಿ ಸಮಾಧಾನ ಕೊಡಲಿಲ್ಲ. ನಾನು ನೋಡಿದ ನಮೂನೆಯಲ್ಲಿ ಬೋಲ್ಟು ಬಿಗಿದಷ್ಟೂ ಅದು ಬೇಗ ದುಡಿಯುವುದರಿಂದ, ಖಾಲಿ ಓಡಾಟಕ್ಕೆ ಮತ್ತೆ ಬಿಗಿ ಬರುತ್ತಿತ್ತು.

ಗಾಳಿಚೀಲಗಳ ಬಗ್ಗೆ ನನಗೆ ನಿಜವಾದ ಆಸೆ ಇತ್ತು. ಆಕ್ಸಲ್ ಮತ್ತು ಚಾಸಿಯ ನಡುವೆ ರಬ್ಬರಿನ ಚೀಲವೊಂದು ಕೂತು, ಹೊರೆ ಬಂದಾಗ ಗಾಳಿ ತುಂಬಿ, ಇಳಿಸಿದಾಗ ಬಿಟ್ಟುಬಿಡುವಂಥ ವ್ಯವಸ್ಥೆ ಅದು. ಎಡಬಲಕ್ಕೆ ಬೇರೆ ಬೇರೆ ಒತ್ತಡ ಕೊಟ್ಟು ವಾಲಿಕೆಯನ್ನೂ ತಿದ್ದಬಹುದು. ಹೊರೆ ದಿನಕ್ಕೊಂದು ಬಗೆಯಲ್ಲಿ ಬದಲಾಗುವವರಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲವೆಂದೇ ಈಗಲೂ ಹೇಳುತ್ತೇನೆ. ಆದರೆ ಖಾಲಿ ಇರುವಾಗಲೂ ಅದರಲ್ಲಿ ಸಾಮಾನ್ಯವಾಗಿ 5 ಪಿಎಸ್‌ಐಯಷ್ಟಾದರೂ ಒತ್ತಡ ಉಳಿದಿರಬೇಕು, ಇಲ್ಲದಿದ್ದರೆ ಚೀಲ ಮಡಿಚಿ ಕಚ್ಚಿಕೊಂಡು ಹರಿಯುತ್ತದೆ. ಎರಡು ಚೀಲಗಳಿಗೆ ಒಂದೇ ನಳಿಗೆ ಕೊಟ್ಟರೆ ತಿರುವಿನಲ್ಲಿ ಒತ್ತಿದ ಬದಿಯ ಗಾಳಿ ಇನ್ನೊಂದು ಬದಿಗೆ ಓಡಿ ವಾಹನ ಇನ್ನಷ್ಟು ವಾಲುತ್ತದೆ, ಆದ್ದರಿಂದ ನಳಿಗೆಗಳೂ ಬೇರೆಯಾಗಿರಬೇಕು. ನನ್ನ ವಾಹನದ ಬಲಬದಿಯಲ್ಲಿ ಸೈಲೆನ್ಸರ್ ಕೊಳವೆ ಚೀಲ ಕೂರಬೇಕಾದ ಜಾಗಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ನನ್ನ ಸ್ವಭಾವ: ವಾರವಾರ ಗಾಳಿ ನೋಡುವ ಶಿಸ್ತು ನನಗಿಲ್ಲ, ಸ್ಟೆಪ್ನಿಯ ಗಾಳಿಯನ್ನೇ ನಾನು ವರ್ಷಕ್ಕೊಮ್ಮೆ ನೋಡುವವನು.

ಕೊನೆಗೆ ಆರಿಸಿದ್ದು ಬಂಪ್ ಸ್ಟಾಪ್ ಇದ್ದ ಜಾಗದಲ್ಲೇ ಕೂರುವ ಟೊಳ್ಳಾದ ರಬ್ಬರ್ ಸ್ಪ್ರಿಂಗ್. ಖಾಲಿ ಇರುವಾಗ ಅದಕ್ಕೂ ಆಕ್ಸಲ್‌ಗೂ ನಡುವೆ ಅಂತರ ಇರುತ್ತದೆ, ಹಾಗಾಗಿ ಅದು ಇದ್ದೂ ಇಲ್ಲದಂತೆ. ಹೊರೆ ಬಂದು ಅಂತರ ಮುಚ್ಚಿದಾಗ ಮೆತ್ತಗೆ ಹಿಡಿದು, ಅಮುಕಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಜೋಡಿಸುವುದು ಒಂದು ತಾಸಿನ ಕೆಲಸ. ಹಳೆಯ ಬಂಪ್ ಸ್ಟಾಪ್‌ನ ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಚಾಸಿಯನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲ್ ಕೆಳಗೆ ಇಳಿಬಿದ್ದಾಗ ಕೈ ಹಾಕಲು ಜಾಗವಾಯಿತು. ಹೊರಬಂದ ಬಂಪ್ ಸ್ಟಾಪ್‌ನ ತುದಿ ಬಡಿಸಿಕೊಂಡು ಬಡಿಸಿಕೊಂಡು ಕನ್ನಡಿಯಂತೆ ನುಣುಪಾಗಿತ್ತು, ಒಂದು ಬದಿ ಅರ್ಧಕ್ಕೆ ಸೀಳಿತ್ತು.

ಇಳಿಸಿದ ಮೇಲೆ ಅಳೆದಾಗ ಎರಡೂ ಬದಿ 513, ರಬ್ಬರಿನ ಕೆಳಗಿನ ಅಂತರ 20 ಮಿ.ಮೀ. ಆ ಅಂತರದಲ್ಲಿ ಒಂದು ಕಾಗದದ ಚೂರು ತೂರಿಸಿ ಅದರ ತುದಿ ಹಿಡಿದುಕೊಂಡೇ ನೀರು ಬಿಟ್ಟೆ. 100 ಲೀಟರಿನವರೆಗೆ ಕಾಗದ ಸಲೀಸಾಗಿ ಜಾರುತ್ತಿತ್ತು, 140ರ ಹತ್ತಿರ ಸಿಕ್ಕಿಕೊಂಡಿತು. ಪೂರ್ತಿ ತುಂಬಿದಾಗ ಎತ್ತರ 470. ಮೊದಲು 447 ಇದ್ದದ್ದು. ಖಾಲಿ ಎತ್ತರಕ್ಕೆ ಮರಳಿಲ್ಲವಲ್ಲ ಎಂದು ಕೊರಗುವುದಕ್ಕೆ ಕಾರಣವಿಲ್ಲ. ಹೊರೆ ಹೊತ್ತ ವಾಹನ ಸ್ವಲ್ಪ ಕೂರಬೇಕು, ಬಡಿಯಬಾರದು ಅಷ್ಟೇ. ಕುತೂಹಲಕ್ಕೆ ಮತ್ತೆ ವೇಬ್ರಿಡ್ಜಿಗೆ ಒಯ್ದೆ: 1,310.

ಮೆಕ್ಯಾನಿಕ್ ನೆನಪಿಸದಿದ್ದರೆ ನಾನು ಮರೆತೇಬಿಡುತ್ತಿದ್ದ ಸಂಗತಿಯೊಂದಿದೆ. ನನ್ನ ವಾಹನದಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ವಾಲ್ವ್ ಇದ್ದು, ಅದರಿಂದ ಒಂದು ಸಣ್ಣ ಸರಳು ಆಕ್ಸಲ್‌ಗೆ ಬರುತ್ತದೆ. ಆ ವಾಲ್ವ್‌ಗೆ ತೂಕ ಗೊತ್ತಾಗುವುದಿಲ್ಲ, ಚಾಸಿಗೂ ಆಕ್ಸಲ್‌ಗೂ ನಡುವಿನ ಎತ್ತರ ಮಾತ್ರ ಗೊತ್ತಾಗುತ್ತದೆ. ಹೆಲ್ಪರ್ ಸ್ಪ್ರಿಂಗು ವಾಹನವನ್ನು ಎತ್ತಿ ಹಿಡಿದಾಗ ಅದು ‘ಹೊರೆ ಕಡಿಮೆಯಿದೆ’ ಎಂದುಕೊಂಡು ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಬಿಡುತ್ತದೆ, ಅದೂ ತುಂಬಿದ ತೊಟ್ಟಿಯೊಂದಿಗೆ ಇಳಿಜಾರಿನಲ್ಲಿರುವಾಗ. ಅವರು ಒತ್ತಡದ ಗೇಜುಗಳನ್ನು ಜೋಡಿಸಿ ಸರಳನ್ನು ಹೊಸ ಎತ್ತರಕ್ಕೆ ಹೊಂದಿಸಿಕೊಟ್ಟರು. ದಪ್ಪ ಪಾಟಾ ಹಾಕಿಸಿದ್ದ ಆ ಮೂರು ವಾರ ನಾನು ಇದನ್ನು ಅರಿಯದೆ ಓಡಾಡಿದ್ದೆ ಎಂಬುದು ನೆನಪಾದಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ತುಂಬಿದ ತೊಟ್ಟಿಯೊಂದಿಗೆ ವಾಹನವನ್ನು ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟನ್ನು ಮತ್ತೊಮ್ಮೆ ಹೊಂದಿಸಿದೆ. ಉಬ್ಬು ದಾಟುವಾಗ ಈಗ ಸದ್ದಿಲ್ಲ. ಆದರೆ ದಾಟಿದ ಮೇಲೆ ಹಿಂಬದಿ ಎರಡು ಸಲ ತೂಗಿ ನಿಲ್ಲುತ್ತದೆ. ಸ್ಪ್ರಿಂಗು ಶಕ್ತಿಯನ್ನು ಹಿಡಿದಿಟ್ಟು ಮರಳಿ ಕೊಡುತ್ತದೆ, ಅದನ್ನು ತಣಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ, ನನ್ನವು ಹಳತಾಗಿವೆ. ಅದು ಮುಂದಿನ ತಿಂಗಳ ಕೆಲಸವೆಂದು ಬರೆದಿಟ್ಟಿದ್ದೇನೆ.

ಅಳತೆಗಳ ಚೀಟಿಯನ್ನು ಗ್ಲೌ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಐದು ತಿಂಗಳ ನಂತರ ಮೊನ್ನೆ ಖಾಲಿ ತೊಟ್ಟಿಯಲ್ಲಿ ಅಳೆದಾಗ ಮಡ್‌ಗಾರ್ಡಿನವರೆಗೆ 510, ರಬ್ಬರಿನ ಕೆಳಗೆ 17. ಎರಡೂ ಮೂರೇ ಮಿ.ಮೀ. ಇಳಿದಿವೆ, ಎಂದರೆ ರಬ್ಬರು ಇದ್ದಂತೆಯೇ ಇದೆ, ಕಮಾನು ತುಸು ಕೂತಿದೆ. ಚೀಟಿಯಲ್ಲಿ ದಿನಾಂಕದೊಂದಿಗೆ ಅದನ್ನೂ ಬರೆದೆ.