ನ್ಯಾಚುರೋಪತಿ ಓದಲು ಹೊರಟ ಮಲೆನಾಡಿನ ಮಕ್ಕಳಿಗೆ: ನೀರು, ಮಣ್ಣು, ಥರ್ಮಾಮೀಟರು

ಪಿಯುಸಿ ಸೈನ್ಸ್ ಮುಗಿಸಿ ನ್ಯಾಚುರೋಪತಿ, ಅಂದರೆ ಪ್ರಕೃತಿ ಚಿಕಿತ್ಸೆ, ಓದಬೇಕು ಅಂತ ಹೇಳುವ ಮಕ್ಕಳಿಗೆ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಮನೆಯವರು ಮೊದಲು ಕೇಳುವುದು, 'ಅದು ನಾಟಿ ಔಷಧಿ ಓದಾ?' ಅಂತ. ಅಲ್ಲ. ಆಯುರ್ವೇದವೂ ಅಲ್ಲ. ಬೇರು ತೇಯುವುದು, ಕಷಾಯ ಕುದಿಸುವುದು ಇದರ ಮುಖ್ಯ ಕೆಲಸವೇ ಅಲ್ಲ. ನೀರು, ಮಣ್ಣು, ಆಹಾರ, ಉಪವಾಸ, ಮಸಾಜು, ಯೋಗ, ಅಕ್ಯುಪಂಕ್ಚರ್, ಇವುಗಳನ್ನು ಯಾರಿಗೆ, ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಕೊಡಬೇಕು, ಯಾರಿಗೆ ಕೊಡಲೇಬಾರದು ಎಂದು ಕಲಿಯುವ ಓದು ಇದು. ಕೊಡಬಾರದು ಅನ್ನುವ ಭಾಗವೇ ಹೆಚ್ಚು ಕಷ್ಟದ್ದು.

ಓದಬೇಕಾದ ಪದವಿ ಬಿಎನ್‌ವೈಎಸ್. ಅಂದರೆ ಬ್ಯಾಚುಲರ್ ಆಫ್ ನ್ಯಾಚುರೋಪತಿ ಅಂಡ್ ಯೋಗಿಕ್ ಸೈನ್ಸಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುತ್ತದೆ. 1989ರಲ್ಲಿ ಶುರುವಾದ ಉಜಿರೆಯ ಎಸ್‌ಡಿಎಂ ಕಾಲೇಜು, ಮೂಡುಬಿದಿರೆಯ ಆಳ್ವಾಸ್, ಮೈಸೂರಿನ ಸರ್ಕಾರಿ ಕಾಲೇಜು ಎಲ್ಲರಿಗೂ ಗೊತ್ತಿರುವ ಹೆಸರುಗಳು. ಮೊದಲೆರಡೂ ಘಾಟಿ ಇಳಿದರೆ ಸಿಗುತ್ತವೆ. ಮುಂದೆ ಎಂಡಿ ಮಾಡಬೇಕೆಂದರೆ ಇನ್ನೂ ಮೂರು ವರ್ಷ.

ಅಂಚೆಯಲ್ಲಿ ಪುಸ್ತಕ ತರಿಸಿ ಓದುವ ಡಿಪ್ಲೊಮಾ, ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳೂ 'ನ್ಯಾಚುರೋಪತಿ ಡಾಕ್ಟರ್' ಅಂತಲೇ ಜಾಹೀರಾತು ಕೊಡುತ್ತವೆ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದನ್ನು ಓದಿದರೆ ಕರ್ನಾಟಕದ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ ಮತ್ತು ಯೋಗ ವೈದ್ಯರ ನೋಂದಣಿ ಮಂಡಳಿಯಲ್ಲಿ ಹೆಸರು ಬರೆಸಬಹುದೇ? ಇಲ್ಲ ಅಂತಾದರೆ ಕ್ಲಿನಿಕ್ಕಿಗೆ ಬೋರ್ಡು ಹಾಕುವ ಮಾತು ಬಿಟ್ಟುಬಿಡಿ. ಇನ್ನೂ ಒಂದು ವಿಷಯ ಗೊತ್ತಿರಲಿ. ಭಾರತೀಯ ವೈದ್ಯ ಪದ್ಧತಿಗಳಿಗಾಗಿ 2020ರಲ್ಲಿ ಬಂದ ರಾಷ್ಟ್ರೀಯ ಆಯೋಗದ ಕಾನೂನಿನಲ್ಲಿ ಆಯುರ್ವೇದ, ಯುನಾನಿ, ಸಿದ್ಧ, ಸೋವಾ ರಿಗ್ಪಾ (ಟಿಬೆಟಿನ ವೈದ್ಯ ಪದ್ಧತಿ) ಇವೆ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ ಇಲ್ಲ. ಹಾಗಾಗಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಹೊರರಾಜ್ಯದಲ್ಲಿ ಕೆಲಸ ಮಾಡುವ ಆಸೆ ಇರುವವರು ಅಲ್ಲಿಯ ನಿಯಮವನ್ನು ಮೊದಲೇ ನೋಡಿಕೊಳ್ಳಬೇಕು.

ಸೀಟಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ಸಿಇಟಿಯಲ್ಲಿ ಬಯಾಲಜಿ ಪೇಪರ್ ಬರೆಯಲೇಬೇಕು, ಅದು ಬಿಟ್ಟರೆ ಈ ರ್‍ಯಾಂಕೇ ಬರುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಹಳ್ಳಿ ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಹುಡುಕುವುದಕ್ಕೆ ದಿನ ಹಿಡಿಯುತ್ತದೆ, ಪರೀಕ್ಷೆಗೆ ಮೊದಲೇ ಓಡಾಡಿ. ಉಳಿದದ್ದಕ್ಕೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆ ವರ್ಷದ ಕೈಪಿಡಿಯೇ ಆಧಾರ.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಯೋಗ ಮಾಡಿಕೊಂಡು ಆರಾಮಾಗಿ ಇರಬಹುದು ಅಂತ ಬಂದವರು ಇಲ್ಲಿ ಸೋತುಹೋಗುತ್ತಾರೆ. ಆದರೆ ಚರ್ಮದ ರಕ್ತನಾಳ ಚಳಿಗೆ ಹೇಗೆ ಕುಗ್ಗುತ್ತದೆ, ಮತ್ತೆ ಹೇಗೆ ಹಿಗ್ಗುತ್ತದೆ ಅನ್ನುವ ಫಿಸಿಯಾಲಜಿ ಪಾಠ ಅರ್ಥವಾಗದಿದ್ದರೆ ಮುಂದಿನ ಹೈಡ್ರೋಥೆರಪಿ (ನೀರಿನ ಚಿಕಿತ್ಸೆ) ಬರೀ ಬಟ್ಟೆ ಒದ್ದೆ ಮಾಡುವ ಕೆಲಸ.

ಹೈಡ್ರೋಥೆರಪಿಯಲ್ಲಿ ಬಿಸಿನೀರು, ತಣ್ಣೀರು ಅಂತ ಬರೆದರೆ ಅಂಕ ಇಲ್ಲ. 13ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ತಣ್ಣೀರು, 18ರಿಂದ 27 ತಂಪು, 33ರಿಂದ 36 ನ್ಯೂಟ್ರಲ್ (ಮೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ), 37ರಿಂದ 40 ಬಿಸಿ, ಅದರ ಮೇಲೆ ಅತಿ ಬಿಸಿ. ಪುಸ್ತಕದಿಂದ ಪುಸ್ತಕಕ್ಕೆ ಒಂದೆರಡು ಡಿಗ್ರಿ ಆಚೀಚೆ ಆಗಬಹುದು. ಕಾಲುಸ್ನಾನಕ್ಕೆ 40ರಿಂದ 43 ಡಿಗ್ರಿ ನೀರು, ಹತ್ತು ಹದಿನೈದು ನಿಮಿಷ. ಮೊದಲು ಒಂದು ಲೋಟ ನೀರು ಕುಡಿಸಬೇಕು, ತಲೆ ಮೇಲೆ ತಣ್ಣೀರ ಬಟ್ಟೆ ಇಡಬೇಕು, ಕೊನೆಗೆ ಪಾದಕ್ಕೆ ತಣ್ಣೀರು ಹೊಯ್ದು ಒರೆಸಬೇಕು. ನಮ್ಮ ಕಡೆ ಬಚ್ಚಲ ಹಂಡೆಯಲ್ಲಿ ಸೌದೆ ಉರಿಗೆ ಕಾದ ನೀರು ಸುಲಭವಾಗಿ 50 ದಾಟುತ್ತದೆ. ಆ ನೀರಲ್ಲಿ ಕಾಲಿಟ್ಟು ಕೂತರೆ ಕೆಲವೇ ನಿಮಿಷಕ್ಕೆ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. 'ಬಿಸಿ ಸರಿ ಇದೆಯಾ ಅಜ್ಜಾ?' ಅಂತ ಕೇಳಿದರೆ ಅವರು ಹೂಂ ಅಂತಲೇ ಅಂತಾರೆ. ಅವರಿಗೆ ಕಾಲುಸ್ನಾನ ಬೇಡವೇ ಬೇಡ.

ಹೊಟ್ಟೆ ಪಟ್ಟಿಯನ್ನೇ ತೆಗೆದುಕೊಳ್ಳಿ, ನೋಡುವುದಕ್ಕೆ ಎಷ್ಟು ಸರಳ. ಸುಮಾರು 20 ಸೆಂಟಿಮೀಟರ್ ಅಗಲದ, ಹೊಟ್ಟೆಯನ್ನು ಒಂದೂವರೆ ಸುತ್ತು ಬರುವ ಹತ್ತಿ ಬಟ್ಟೆ. ಅದನ್ನು ತಣ್ಣೀರಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಸುಕ್ಕಿಲ್ಲದೆ ಸುತ್ತಬೇಕು. ಮೇಲೆ ಒಣ ಫ್ಲಾನೆಲ್ ಅಥವಾ ಉಣ್ಣೆ ಬಟ್ಟೆ, ಎರಡೂ ಅಂಚಿನಲ್ಲಿ ಎರಡು ಮೂರು ಸೆಂಟಿಮೀಟರ್ ಹೊರಚಾಚುವಷ್ಟು ಅಗಲ. ಮೊದಲು ಚಳಿ ಅನ್ನಿಸಿ ರಕ್ತನಾಳ ಕುಗ್ಗುತ್ತದೆ, ಆಮೇಲೆ ಹಿಗ್ಗಿ ರಕ್ತ ಬರುತ್ತದೆ, ಉಣ್ಣೆ ಆ ಕಾವನ್ನು ಹಿಡಿದಿಡುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟು ತೆಗೆದಾಗ ಬಟ್ಟೆ ಬೆಚ್ಚಗಿರಬೇಕು. ಹದಿನೈದು ನಿಮಿಷ ಕಳೆದರೂ ರೋಗಿಗೆ ಚಳಿಯೇ ಆಗುತ್ತಿದ್ದರೆ ಪಟ್ಟಿ ತಪ್ಪಿದೆ: ಹಿಂಡಿದ್ದು ಸಾಲದು, ಅಂಚಲ್ಲಿ ಗಾಳಿ ನುಗ್ಗುತ್ತಿದೆ, ಇಲ್ಲವೇ ರೋಗಿಯ ಮೈ ಮೊದಲೇ ತಣ್ಣಗಿತ್ತು. ತೆಗೆದುಬಿಡಬೇಕು, 'ಇನ್ನು ಸ್ವಲ್ಪ ಹೊತ್ತು ನೋಡೋಣ' ಅನ್ನಬಾರದು. ಆಗುಂಬೆ ಸೀಮೆಯ ಆಷಾಢದಲ್ಲಿ ನಾಲ್ಕನೆಯ ಕಾರಣವೂ ಸೇರಿಕೊಳ್ಳುತ್ತದೆ. ಒಣ ಅಂತ ತೆಗೆದ ಉಣ್ಣೆಯೇ ತೇವ ಹಿಡಿದು ಮುಗ್ಗಲು ವಾಸನೆ ಹೊಡೆಯುತ್ತಿರುತ್ತದೆ. ಬಚ್ಚಲ ಒಲೆ ಮೇಲಿನ ಹಗ್ಗದಲ್ಲಿ ಒಣಗಿಸಿ, ರೋಗಿಯ ಪಾದ ಬೆಚ್ಚಗೆ ಮಾಡಿಕೊಂಡು ಆಮೇಲೆ ಸುತ್ತಿ.

ಮಣ್ಣಿನ ಪಟ್ಟಿಗೆ ಮಣ್ಣು ಆರಿಸುವುದನ್ನು ಪುಸ್ತಕ ಎರಡು ಸಾಲಲ್ಲಿ ಮುಗಿಸುತ್ತದೆ: ಮೂರು ನಾಲ್ಕು ಅಡಿ ಆಳದಿಂದ ತೆಗೆದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿಯಿರಿ. ಮಲೆನಾಡಿನಲ್ಲಿ ಅದೇ ದೊಡ್ಡ ಕೆಲಸ. ಜಂಬಿಟ್ಟಿಗೆ ಮಣ್ಣಿನ ಹರಳು ಚರ್ಮ ಗೀರುತ್ತದೆ, ಸಣ್ಣ ಕಣ್ಣಿನ ಜರಡಿಯೇ ಬೇಕು. ಅಡಿಕೆ ತೋಟದ ಮಣ್ಣು ಖಂಡಿತ ಬೇಡ. ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ ಹಾಕಿದ ಬೋರ್ಡೋ ದ್ರಾವಣವನ್ನು ಪ್ರತಿ ಮಳೆಗಾಲ ಹೊಡೆಯುತ್ತೇವೆ, ಅದರ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ. ಕೊಟ್ಟಿಗೆ ಹತ್ತಿರದ ಮಣ್ಣೂ ಬೇಡ, ಧನುರ್ವಾಯುವಿನ ಬೀಜಾಣು ಇರಬಹುದು. ಗಾಯದ ಮೇಲಂತೂ ಯಾವ ಮಣ್ಣನ್ನೂ ಹಚ್ಚಬಾರದು. ಔಷಧಿ ಗೊಬ್ಬರ ಕಾಣದ ಜಾಗದಿಂದ ಫೆಬ್ರವರಿ, ಮಾರ್ಚ್‌ನಲ್ಲೇ ತೆಗೆದು, ಒಣಗಿಸಿ, ಮುಚ್ಚಳದ ಡ್ರಮ್ಮಿಗೆ ತುಂಬಿಟ್ಟರೆ ಮಳೆಗಾಲಕ್ಕೂ ಆಯಿತು. ರಾತ್ರಿ ನೆನೆಸಿ ಬೆಳಿಗ್ಗೆ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಹತ್ತು ಅಂಗುಲ ಉದ್ದ, ಆರು ಅಂಗುಲ ಅಗಲ, ಒಂದು ಅಂಗುಲ ದಪ್ಪಕ್ಕೆ ಬಟ್ಟೆಯಲ್ಲಿ ಮಡಚಿ, ಖಾಲಿ ಹೊಟ್ಟೆಯ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಇಡುತ್ತಾರೆ. ಒಬ್ಬರಿಗೆ ಬಳಸಿದ ಮಣ್ಣು ಇನ್ನೊಬ್ಬರಿಗಿಲ್ಲ.

ಉಪವಾಸ ಚಿಕಿತ್ಸೆಯಲ್ಲಿ ಆಗುವ ಅಪಾಯಕ್ಕೆ ಔಷಧಿಯ ಲೆಕ್ಕ ತಪ್ಪುವುದೂ ಒಂದು ಕಾರಣ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮಿಪಿರೈಡ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70 ಮಿಗ್ರಾಂ/ಡಿಎಲ್‌ಗಿಂತ ಕೆಳಗಿಳಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದು. ಹಾಗಂತ ನಾವೇ ಇನ್ಸುಲಿನ್ ನಿಲ್ಲಿಸಿದರೆ ಟೈಪ್ ಒಂದು ಸಕ್ಕರೆ ಕಾಯಿಲೆಯ ರೋಗಿಯ ಪ್ರಾಣಕ್ಕೇ ಕುತ್ತು. ಡೋಸ್ ಬದಲಿಸಬೇಕಾದವರು ಅದನ್ನು ಬರೆದುಕೊಟ್ಟ ಡಾಕ್ಟರು. ದೀರ್ಘ ಉಪವಾಸದ ನಂತರ ಒಮ್ಮೆಲೇ ಹೊಟ್ಟೆ ತುಂಬ ಅನ್ನ ಹಾಕಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಅದಕ್ಕೇ ಉಪವಾಸ ಮುರಿಯುವುದನ್ನೂ ಹಂತ ಹಂತವಾಗಿ ಕಲಿಸುತ್ತಾರೆ. ಗರ್ಭಿಣಿಯರಿಗೆ, ತೀರಾ ಸೊರಗಿದವರಿಗೆ ಉಪವಾಸ ಇಲ್ಲ. ಬೊಜ್ಜು, ಸೊಂಟನೋವು, ಆರಂಭದ ಬಿಪಿ, ಮಲಬದ್ಧತೆಗಳಲ್ಲಿ ಈ ಪದ್ಧತಿಯ ಆಹಾರ, ವ್ಯಾಯಾಮ, ನೀರಿನ ಚಿಕಿತ್ಸೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಕ್ಯಾನ್ಸರ್ ಗುಣ ಮಾಡುತ್ತೇವೆ ಅನ್ನುವವರ ಹತ್ತಿರ ಇಂಟರ್ನ್‌ಶಿಪ್‌ಗೂ ಹೋಗಬೇಡಿ.

ಇಂಟರ್ನ್‌ಶಿಪ್ ಮುಗಿಸಿ ಊರಿಗೆ ಬಂದು ಕೂತರೆ ಜ್ವರದವರೂ ಬರುತ್ತಾರೆ, ತಣ್ಣೀರ ಪಟ್ಟಿ ಹಾಕಿ ಅಂತಾರೆ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ತನಕ ಬರುವ ಪ್ರತಿ ಜ್ವರಕ್ಕೂ ಕೇಸ್ ಶೀಟಿನಲ್ಲಿ ನಾಲ್ಕು ಪ್ರಶ್ನೆ ಇರಲಿ: ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತಾ, ಸುತ್ತಮುತ್ತ ಮಂಗ ಸತ್ತಿತ್ತಾ, ಮನೆಯಲ್ಲಿ ಇನ್ಯಾರಿಗಾದರೂ ಜ್ವರ ಇದೆಯಾ? ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ ಬರಿಗಾಲಲ್ಲಿ ನಿಂತು ಬಂದವರಿಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಇದ್ದರೆ ಇಲಿಜ್ವರವನ್ನು ನೆನಪಿಸಿಕೊಳ್ಳಿ. ಯಾವುದೇ ಅನುಮಾನ ಬಂದರೂ ಉಷ್ಣತೆ, ನಾಡಿ, ಬಿಪಿ, ಜ್ವರ ಶುರುವಾದ ದಿನ ಇಷ್ಟನ್ನು ಚೀಟಿಯಲ್ಲಿ ಬರೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಮೂಗಿನಲ್ಲಿ, ಒಸಡಿನಲ್ಲಿ ರಕ್ತ ಕಂಡರೆ ಕಾಯದೆ ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ.